ಪ್ರೌಢಶಾಲೆಯಲ್ಲಿ ಚಿತ್ರಕಲೆಯ ವ್ಯಾಸಂಗ



ಪ್ರೌಢಶಾಲೆಯಲ್ಲಿ ಚಿತ್ರಕಲೆಯನ್ನು ಏಕೆ ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದು ನಮ್ಮ ಇಂದಿನ ಭಾಷಣದ ವಿಷಯ. ಈ ಮಾತನ್ನೆತ್ತಿದೊಡನೆಯೇ ಮುಗುಳ್ನಗುವವರುಂಟು. ಗಣಿತಕ್ಕೇ ಹೊತ್ತು ಸಾಲದಿರುವಾಗ ಚಿತ್ರಕ್ಕೆಲ್ಲಿಯ ಬಿಡುವು ಎಂಬುದು ಆ ನಗೆಯ ಅರ್ಥ. ನಗುವವರನ್ನು ನಾವು ದೂರುವುದಿಲ್ಲ. ಮಕ್ಕಳ ಮುಂದಿನ ಬಾಳಿನ ಚಿಂತೆ ಅವರಿಗೂ ಉಂಟು. ಆದರೆ ಆ ಬಾಳಿಗೆ ಬೇಕಾದ ಒಂದು ಶಕ್ತಿ ಚಿತ್ರದ ತರಗತಿಯಲ್ಲಿ ಬೆಳೆಯತಕ್ಕದ್ದು, ಬೇರೆ ತರಗತಿಗಳಲ್ಲಿ ಅಷ್ಟು ಚೆನ್ನಾಗಿ ಬೆಳೆಯಲಾರದು ಎಂದು ತೋರಿಸಿಕೊಡುವುದೇ ನಮ್ಮ ಉದ್ದೇಶ.

ಮೊದಲು ಈಗಿನ ಸ್ಥಿತಿಯನ್ನು ನೋಡೋಣ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಗೆ ಸ್ಥಾನವಿರಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಕೂಡದೆಂದು ಸಾರಿತು. ಮಾತು ಒಳ್ಳೆಯದೆ. ಆದರೆ ನಮ್ಮ ನಾಡಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳಿಗೆ ಹಂಚಿಹೋದ 625 ಅಂಕಗಳಲ್ಲಿ ಚಿತ್ರಕಲೆಗೆ ಪಾಲಿಲ್ಲ. ಅಂಕವಿಲ್ಲದ ವಿಷಯಕ್ಕೆ ಗೌರವವೂ ಕಡಮೆ. ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಪೀರಿಯಡ್ಡು ಇರುತ್ತದೆ. ಪರೀಕ್ಷೆ ಹತ್ತಿರವಾದಂತೆ ಅದು ಗಣಿತದ ಪೀರಿಯಡ್ಡಾಗುತ್ತದೆ. ಡ್ರಾಯಿಂಗ್ ಮೇಷ್ಟರು ವಾರ್ಷಿಕೋತ್ಸವದ ಪರದೆಗೂ, ಗೋಡೆಯ ಮೇಲಣ ಸುಭಾಷಿತಗಳಿಗೂ ಬೇಕಾಗುತ್ತಾರೆ. ಅವರ ವಿಷಯ ಮಾತ್ರ ಯಾರಿಗೂ ಬೇಡ. ನಾವು ಕಂಡ ಶಾಲೆಗಳಲ್ಲಿ ಹಲವು ಕಡೆ ಇದೇ ಕಥೆ.

ಇದರಿಂದ ಆಗುವ ನಷ್ಟ ಸಾಮಾನ್ಯವಾದುದಲ್ಲ. ಅದು ತಿಳಿಯಬೇಕಾದರೆ ಹುಡುಗರು ಪ್ರೌಢಶಾಲೆಗೆ ಕಾಲಿಡುವ ವಯಸ್ಸನ್ನು ಗಮನಿಸಬೇಕು. ಐದು ವರ್ಷದ ಮಗುವಿನ ಕೈಗೆ ಒಂದು ಇದ್ದಿಲ ಚೂರು ಸಿಕ್ಕಿದರೆ ಸಾಕು, ಗೋಡೆಯೆಲ್ಲ ಚಿತ್ರ. ಅದರಲ್ಲಿ ಅಮ್ಮ ಮನೆಗಿಂತ ದೊಡ್ಡವಳು; ಹಸುವಿನ ನಾಲ್ಕು ಕಾಲುಗಳೂ ಒಂದೇ ಸಾಲಿನಲ್ಲಿ. ಮಗುವಿಗೆ ಯಾವ ಸಂಶಯವೂ ಇಲ್ಲ. ತನಗೆ ಮುಖ್ಯವಾದುದನ್ನು ದೊಡ್ಡದಾಗಿ ಬರೆದಿದೆ, ಅಷ್ಟೆ. ಹನ್ನೆರಡು ಹದಿಮೂರನೆಯ ವಯಸ್ಸಿಗೆ ಬರುವ ಹೊತ್ತಿಗೆ ಕಣ್ಣು ಬದಲಾಗಿರುತ್ತದೆ. ದೂರದ ಮನೆ ಚಿಕ್ಕದಾಗಿ ಕಾಣುವುದೂ, ರಸ್ತೆ ಹೋಗುತ್ತ ಹೋಗುತ್ತ ಕಿರಿದಾಗುವುದೂ, ಮುಖದ ಒಂದು ಪಕ್ಕದಲ್ಲಿ ನೆರಳು ಬೀಳುವುದೂ ಹುಡುಗನಿಗೆ ಗೊತ್ತು. ಆದರೆ ಅದನ್ನು ಕಾಗದಕ್ಕೆ ಇಳಿಸುವ ಉಪಾಯ ಕೈಗೆ ಗೊತ್ತಿಲ್ಲ. ಕಣ್ಣು ಮುಂದೆ ಹೋಗಿದೆ, ಕೈ ಹಿಂದೆ ಉಳಿದಿದೆ. ತಾನು ಬರೆದ ಹಸುವನ್ನು ನೋಡಿ ತನಗೇ ನಾಚಿಕೆ. ಪಕ್ಕದವನು ನಕ್ಕರಂತೂ ಮುಗಿಯಿತು. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಹೇಳಿ ಅವನು ಪೆನ್ಸಿಲನ್ನು ಕೆಳಗಿಡುತ್ತಾನೆ. ಬಹುಮಟ್ಟಿಗೆ ಅದನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ. ನಲವತ್ತು ವರ್ಷದ ಸುಶಿಕ್ಷಿತರೊಬ್ಬರಿಗೆ ಒಂದು ಮನೆಯ ಚಿತ್ರವನ್ನು ಬರೆಯಿರೆಂದರೆ ಅವರು ಬರೆಯುವುದು ಹನ್ನೆರಡು ವರ್ಷದ ಹುಡುಗನ ಮನೆಯನ್ನು. ಅವರ ಕೈ ಅಲ್ಲಿಯೇ ನಿಂತುಹೋಗಿರುತ್ತದೆ.

ಹುಡುಗನಿಗೆ ಗುರುವಿನ ಸಹಾಯ ಅತ್ಯಂತ ಅಗತ್ಯವಾದ ಸಮಯ ಇದೇ. ಪ್ರಾಥಮಿಕ ಶಾಲೆಯ ಮಗು ಯಾರೂ ಕಲಿಸದೆ ಬರೆಯುತ್ತದೆ. ಕಲಾಶಾಲೆಗೆ ಸೇರುವವನು ಹಟದಿಂದಲೇ ಕಲಿಯುತ್ತಾನೆ. ನಡುವಿನ ಈ ಮೂರು ವರ್ಷಗಳಲ್ಲಿ ಮಾತ್ರ, ಕಲಿಸಿದರೆ ಉಳಿಯುತ್ತದೆ, ಕಲಿಸದಿದ್ದರೆ ಅಳಿಯುತ್ತದೆ. ನಾವಾದರೋ ಸರಿಯಾಗಿ ಈ ಮೂರು ವರ್ಷಗಳಲ್ಲಿಯೇ ಚಿತ್ರವನ್ನು ಕೈಬಿಡುತ್ತೇವೆ. ತೆನೆ ಹಾಲುಗಟ್ಟುವ ಕಾಲದಲ್ಲಿ ಗದ್ದೆಗೆ ನೀರು ನಿಲ್ಲಿಸಿದಂತೆ ಇದು.

ಚಿತ್ರದ ತರಗತಿ ಇದ್ದ ಕಡೆಗಳಲ್ಲಿಯಾದರೂ ಎಲ್ಲ ಹುಡುಗರಿಗೂ ಅದರಿಂದ ಪ್ರಯೋಜನವಾಯಿತೆ ಎಂದರೆ, ಹಾಗೆಂದು ಹೇಳಲಾಗುವುದಿಲ್ಲ. ಅದಕ್ಕೂ ಒಂದು ಚರಿತ್ರೆಯುಂಟು. 1853ರಲ್ಲಿ ಇಂಗ್ಲೆಂಡಿನ ಸರ್ಕಾರ ವಿಜ್ಞಾನ ಮತ್ತು ಕಲೆಗಳ ಇಲಾಖೆಯೊಂದನ್ನು ಏರ್ಪಡಿಸಿತು. ಹೆನ್ರಿ ಕೋಲ್ ಅದರ ಮುಖಂಡ. ಕಾರ್ಖಾನೆಗಳಿಗೆ ಒಳ್ಳೆಯ ನಮೂನೆಗಾರರು ಬೇಕೆಂಬುದು ಅದರ ಮುಖ್ಯೋದ್ದೇಶ. ರಿಚರ್ಡ್ ರೆಡ್‌ಗ್ರೇವ್ ಎಂಬಾತನು 23 ಮೆಟ್ಟಲುಗಳ ಒಂದು ಪಾಠಕ್ರಮವನ್ನು ರಚಿಸಿದನು. ಮೊದಲು ರೇಖಾಗಣಿತ, ಅನಂತರ ಅಚ್ಚಿನ ರೇಖೆಗಳ ನಕಲು, ಆಮೇಲೆ ಸುಣ್ಣಗಚ್ಚಿನ ಪ್ರತಿಮೆಗಳ ನಕಲು. ಹೀಗೆ ಹತ್ತಿದವನಿಗೆ ಕೊಟ್ಟಕೊನೆಯಲ್ಲಿ ಸ್ವತಂತ್ರ ರಚನೆ. ನಮ್ಮ ದೇಶದಲ್ಲಿ 1850ರಲ್ಲಿ ಮದರಾಸಿನಲ್ಲಿಯೂ, 1854ರಲ್ಲಿ ಕಲ್ಕತ್ತೆಯಲ್ಲಿಯೂ, 1857ರಲ್ಲಿ ಮುಂಬಯಿಯಲ್ಲಿಯೂ ಆರಂಭವಾದ ಕಲಾಶಾಲೆಗಳ ಮೇಲೆ ಈ ಕ್ರಮದ ನೆರಳು ದಟ್ಟವಾಗಿ ಬಿದ್ದಿತು. ಅಲ್ಲಿಂದ ಅದು ನಮ್ಮ ಹೈಸ್ಕೂಲುಗಳಿಗೂ ಇಳಿದು ಬಂದಿತು. ಬೋರ್ಡಿನ ಮೇಲೆ ಮೇಷ್ಟರು ಬರೆದ ಹೂಜಿಯನ್ನು ನಲವತ್ತು ಮಂದಿ ಹುಡುಗರು ನಕಲು ಮಾಡುವರು. ಎಡಕ್ಕೂ ಬಲಕ್ಕೂ ಹೊಂದುವಂತೆ ಗೆರೆ ಎಳೆಯುವರು. ರಬ್ಬರಿನಿಂದ ಅಳಿಸಿ ಅಳಿಸಿ ಕಾಗದ ತೂತು ಬೀಳುವುದು. ನಿಜವಾದ ಹೂಜಿ ಕೊಠಡಿಯ ಮೂಲೆಯಲ್ಲಿ ನೀರು ತುಂಬಿಕೊಂಡು ಕುಳಿತಿರುವುದು. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಈ ಕ್ರಮವನ್ನು ಪೂರ್ತಿಯಾಗಿ ತೆಗಳುವುದು ನ್ಯಾಯವಲ್ಲ. ಕೈಗೆ ಶಿಸ್ತು ಬೇಕು; ಗೆರೆಗೆ ನಿಲುಗಡೆ ಬೇಕು. ಆದರೆ ನಕಲಿನಿಂದ ಕೈ ಪಳಗಬಹುದೇ ಹೊರತು ಕಣ್ಣು ತೆರೆಯುವುದಿಲ್ಲ. ಇದನ್ನು ಚೆನ್ನಾಗಿ ಅರಿತುಕೊಂಡವರಲ್ಲಿ ಮೇರಿಯನ್ ರಿಚರ್ಡ್‌ಸನ್ ಎಂಬ ಆಂಗ್ಲ ಉಪಾಧ್ಯಾಯಿನಿ ಒಬ್ಬರು. 1892ರಲ್ಲಿ ಹುಟ್ಟಿದ ಈಕೆ 1912ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಡಡ್ಲಿ ಎಂಬ ಊರಿನ ಬಾಲಕಿಯರ ಹೈಸ್ಕೂಲಿಗೆ ಚಿತ್ರದ ಉಪಾಧ್ಯಾಯಿನಿಯಾಗಿ ಬಂದರು. ಅದು ಕಲ್ಲಿದ್ದಲು, ಕಬ್ಬಿಣಗಳ ಊರು. ಹೊಗೆ ಕವಿದ ಬೀದಿಗಳು. ಈಕೆಯ ಉಪಾಯ ಬಹು ಸರಳವಾದುದು. ಹುಡುಗಿಯರನ್ನು ಕಣ್ಣು ಮುಚ್ಚಿ ಕುಳಿತುಕೊಳ್ಳುವಂತೆ ಹೇಳಿ, ತಾನು ಕಂಡ ಒಂದು ದೃಶ್ಯವನ್ನು ನಿಧಾನವಾಗಿ ವರ್ಣಿಸುತ್ತಿದ್ದರು. ಅವರವರ ಮನಸ್ಸಿನಲ್ಲಿ ಚಿತ್ರವು ಸ್ಪಷ್ಟವಾಗಿ ಮೂಡಿದ ಮೇಲೆ ಅದನ್ನು ಬಣ್ಣದಲ್ಲಿ ಬರೆಯಬೇಕು. ವರ್ಣನೆ ಒಂದೇ, ಚಿತ್ರಗಳು ಮಾತ್ರ ಒಬ್ಬೊಬ್ಬಳದೂ ಒಂದೊಂದು ಬಗೆ. ತಮ್ಮ ಊರಿನ ಬೀದಿಗಳಲ್ಲಿಯೇ ನೋಡತಕ್ಕ ಚೆಲುವುಂಟೆಂಬುದು ಆ ಹುಡುಗಿಯರಿಗೆ ತಿಳಿದುಬಂದಿತು. 1917ರಲ್ಲಿ ಈಕೆ ಆ ಚಿತ್ರಗಳನ್ನು ಲಂಡನ್ನಿನಲ್ಲಿ ರೋಜರ್ ಫ್ರೈ ಎಂಬ ಪ್ರಸಿದ್ಧ ಕಲಾವಿಮರ್ಶಕನಿಗೆ ತೋರಿಸಿದರು. ಆತನು ಮೆಚ್ಚಿ ಅವುಗಳಿಗೆ ಪ್ರಚಾರ ಕೊಟ್ಟನು. ಮುಂದೆ 1930ರಲ್ಲಿ ಈಕೆ ಲಂಡನ್ ನಗರದ ಶಾಲೆಗಳ ಕಲಾ ಪರೀಕ್ಷಕಿಯಾದರು. ಡಡ್ಲಿಯ ಆ ಹುಡುಗಿಯರೆಲ್ಲ ಚಿತ್ರಕಾರರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ತಾವೇ ನೋಡಬಲ್ಲೆವೆಂಬ ಧೈರ್ಯ ಅವರಿಗೆ ಬಂದಿತು. ಶಾಲೆ ಕೊಡಬೇಕಾದುದು ಅದನ್ನೇ.

ನೋಡುವುದಕ್ಕೆ ಕಲಿಯಬೇಕೆ, ಕಣ್ಣಿದ್ದ ಮೇಲೆ ಕಾಣುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವಾಗಿ ವಿಜ್ಞಾನದ ಚರಿತ್ರೆಯಿಂದಲೇ ಒಂದು ಸಂಗತಿಯನ್ನು ಹೇಳುತ್ತೇವೆ. 1609ರ ಬೇಸಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ವಿದ್ವಾಂಸನು ದೂರದರ್ಶಕದಿಂದ ಚಂದ್ರನನ್ನು ನೋಡಿ ಅದರ ಚಿತ್ರವನ್ನು ಬರೆದನು. ಆತನು ದೊಡ್ಡ ಗಣಿತಜ್ಞ. ಆದರೆ ಆತನ ಚಿತ್ರದಲ್ಲಿ ಕಾಣುವುದು ಬೆಳಕಿಗೂ ಕತ್ತಲೆಗೂ ನಡುವಣ ಒಂದು ಅಂಕುಡೊಂಕು ಗೆರೆ ಮತ್ತು ಕೆಲವು ಮಚ್ಚೆಗಳು ಮಾತ್ರ. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗೆಲಿಲಿಯೋ ಅದೇ ಚಂದ್ರನನ್ನು ನೋಡಿದನು. ಕತ್ತಲೆಯ ಭಾಗದಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕೆಗಳು ಹೊಳೆಯುವುದನ್ನೂ, ಹೊತ್ತು ಕಳೆದಂತೆ ಅವು ದೊಡ್ಡವಾಗಿ ಬೆಳಕಿನ ಭಾಗಕ್ಕೆ ಸೇರಿಕೊಳ್ಳುವುದನ್ನೂ ಕಂಡನು. ಸೂರ್ಯೋದಯದಲ್ಲಿ ಬೆಟ್ಟದ ತುದಿಗೆ ಮೊದಲು ಬಿಸಿಲು ತಗಲುವುದಷ್ಟೆ? ಚಂದ್ರನ ಮೇಲೆಯೂ ಬೆಟ್ಟಗಳಿವೆ, ತಗ್ಗುಗಳಿವೆ ಎಂದು ಆತನು ನಿಶ್ಚಯಿಸಿದನು. ಆತನ ದೂರದರ್ಶಕ ಹ್ಯಾರಿಯಟ್ಟನದಕ್ಕಿಂತ ಬಲವಾದುದೆಂಬುದು ನಿಜ. ಆದರೆ ಅದೊಂದೇ ಕಾರಣವಲ್ಲವೆಂದು ಬಲ್ಲವರ ಅಭಿಪ್ರಾಯ. ಗೆಲಿಲಿಯೋವಿಗೆ ಚಿತ್ರವಿದ್ಯೆಯ ಪರಿಚಯ ಚೆನ್ನಾಗಿತ್ತು. ದುಂಡು ವಸ್ತುವಿನ ಮೇಲೆ ನೆರಳು ಹೇಗೆ ಬೀಳುತ್ತದೆಂಬುದು ಆತನ ಕೈಗೂ ಗೊತ್ತಿದ್ದಿತು. ಆತನೇ ಬರೆದ ಚಂದ್ರನ ಮಸಿಚಿತ್ರಗಳು ಇಂದಿಗೂ ಉಳಿದಿವೆ. 1610ರಲ್ಲಿ ಆತನ ಪುಸ್ತಕ ಪ್ರಕಟವಾದ ಮೇಲೆ ಹ್ಯಾರಿಯಟ್ಟನು ಬರೆದ ಚಿತ್ರಗಳಲ್ಲಿ ಕುಳಿಗಳು ಕಾಣಿಸಿಕೊಂಡವು. ಚಂದ್ರನೇನೂ ಬದಲಾಗಿರಲಿಲ್ಲ.

ಇನ್ನೊಂದು ನಿದರ್ಶನ. ಸ್ಪೇನ್ ದೇಶದ ಸಾಂತಿಯಾಗೋ ರಾಮೋನ್ ಇ ಕಹಾಲ್ ಎಂಬಾತನು ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದು ಹಟ ಹಿಡಿದಿದ್ದನು. ತಂದೆ ವೈದ್ಯ, ಚಿತ್ರವೆಂದರೆ ಕಾಲಹರಣವೆಂದು ತಿಳಿದು, ಮಗನನ್ನೂ ವೈದ್ಯನನ್ನಾಗಿಯೇ ಮಾಡಿದನು. ಮಗನು ಸೂಕ್ಷ್ಮದರ್ಶಕದಲ್ಲಿ ಕಂಡ ನರಕೋಶಗಳನ್ನು ಕಾಗದದ ಮೇಲೆ ಬರೆದು ಬರೆದು, ಅವು ಒಂದೇ ಬಲೆಯಲ್ಲ, ಬಿಡಿಬಿಡಿಯಾದ ಕೋಶಗಳೆಂಬ ವಾದವನ್ನು ಸ್ಥಾಪಿಸಿದನು. 1906ರಲ್ಲಿ ಆತನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ತಂದೆ ಯಾವುದನ್ನು ವ್ಯರ್ಥವೆಂದನೋ ಅದೇ ಮಗನ ವೈದ್ಯವಿದ್ಯೆಗೆ ಒದಗಿ ಬಂದಿತು. ಗಣಿತ, ವಿಜ್ಞಾನಗಳಿಗಾಗಿ ಚಿತ್ರದ ಪೀರಿಯಡ್ಡನ್ನು ಕಿತ್ತುಕೊಳ್ಳುವ ಮಹನೀಯರು ಈ ಎರಡು ಕಥೆಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ.

ಇಷ್ಟೂ ಪರದೇಶದ ಮಾತಾಯಿತು. ನಮ್ಮ ನಾಡಿಗೆ ಬರೋಣ. ಚಿತ್ರವೆಂಬುದು ನಮಗೆ ಇಂಗ್ಲಿಷ್ ಶಾಲೆಯೊಡನೆ ಬಂದ ವಿದ್ಯೆಯಲ್ಲ. ಬೆಳಗಾಗೆದ್ದು ಬಾಗಿಲ ಮುಂದೆ ಸಾರಿಸಿ, ಏಳು ಚುಕ್ಕಿ ಏಳು ಸಾಲು ಇಟ್ಟು ರಂಗೋಲಿ ಹಾಕುವ ಹುಡುಗಿಗೆ ಸಮತೆಯೆಂದರೇನೆಂಬುದು ಬೆರಳ ತುದಿಯಲ್ಲಿದೆ. ಶಾಲೆಗೆ ಬಂದು ಆಕೆ ಅದನ್ನೇ ರೇಖಾಗಣಿತದಲ್ಲಿ ಬಾಯಿಪಾಠ ಮಾಡುತ್ತಾಳೆ. ಎರಡೂ ಒಂದೇ ಎಂದು ಆಕೆಗೆ ಹೇಳುವವರಿಲ್ಲ. ಮಲೆನಾಡಿನ ದೀವರ ಹೆಂಗಸರು ಮನೆಯ ಗೋಡೆಯ ಮೇಲೆ ಚಿತ್ತಾರ ಬರೆಯುವರು. ಕೆಮ್ಮಣ್ಣಿನಿಂದ ಕೆಂಪು, ಅಕ್ಕಿಹಿಟ್ಟಿನಿಂದ ಬಿಳುಪು, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿಯ ನಾರಿನಿಂದ ಕುಂಚ. ಅಂಗಡಿಯಿಂದ ಒಂದು ಕಾಸಿನ ಸಾಮಾನೂ ಬೇಕಿಲ್ಲ. ಆ ಗೆರೆಗಳ ನೇರವನ್ನು ನೋಡಿದವರು ಬಡ ಶಾಲೆಯಲ್ಲಿ ಚಿತ್ರ ಸಾಧ್ಯವಿಲ್ಲವೆಂಬ ಮಾತನ್ನು ಆಡಲಾರರು.

ನೋಡುವುದಕ್ಕೆ ನಮ್ಮಲ್ಲಿರುವ ಸಂಪತ್ತಾದರೂ ಅಲ್ಪವೆ? ಮೈಸೂರಿಗೆ ಸಮೀಪದ ಸೋಮನಾಥಪುರವನ್ನೇ ತೆಗೆದುಕೊಳ್ಳಿ. ಹೊಯ್ಸಳರ ದಂಡನಾಯಕ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದನು. ಪ್ರತಿ ವರ್ಷವೂ ಶಾಲೆಗಳ ಹುಡುಗರು ಬಸ್ಸು ತುಂಬ ಅಲ್ಲಿಗೆ ಹೋಗಿಬರುತ್ತಾರೆ. ಕಾಲೇಜಿಗೆ ಬಂದ ಮೇಲೆ ಅವರನ್ನು ‘ಏನು ಕಂಡಿರಿ?’ ಎಂದು ನಾವು ಕೇಳಿದ್ದುಂಟು. ‘ಬಹಳ ಚೆನ್ನಾಗಿದೆ, ಸಾರ್, ತುಂಬ ಕೆತ್ತನೆ ಇದೆ’ ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ. ಮುಂದಕ್ಕೆ ಮಾತಿಲ್ಲ. ಅದೇ ಹುಡುಗರನ್ನು ಗೋಡೆಯ ಒಂದು ಮೊಳದಷ್ಟು ಭಾಗದ ಮುಂದೆ ಒಂದು ಗಂಟೆ ಕೂರಿಸಿ, ಕಂಡದ್ದನ್ನು ಬರೆಯಿರೆಂದು ಹೇಳಬೇಕು. ಆಗ ಕೆಳಗಿನ ಸಾಲಿನಲ್ಲಿ ಆನೆಗಳೂ, ಅವುಗಳ ಮೇಲೆ ಕುದುರೆ ಸವಾರರೂ, ಅದಕ್ಕೂ ಮೇಲೆ ಬಳ್ಳಿ, ಪುರಾಣಕಥೆ, ಮಕರ, ಹಂಸಗಳೂ ಇರುವ ಕ್ರಮ ಗೊತ್ತಾಗುತ್ತದೆ. ಭಾರ ಹೊರುವ ಆನೆ ಕೆಳಗೇಕೆ, ಹಾರುವ ಹಂಸ ಮೇಲೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಒಂದು ಆನೆ ಇನ್ನೊಂದರಂತಿಲ್ಲವೆಂದು ತಿಳಿಯುತ್ತದೆ. ಇಷ್ಟು ಸೂಕ್ಷ್ಮವಾಗಿ ಕಲ್ಲನ್ನು ಕೊರೆಯುವುದು ಹೇಗೆ ಸಾಧ್ಯವಾಯಿತೆಂದು ಹುಡುಗನು ಕೇಳಿದಾಗ, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುತ್ತದೆಂದು ಹೇಳಬಹುದು. ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರನ್ನು ತೋರಿಸಬಹುದು. ಏಳು ನೂರು ವರ್ಷಗಳಿಗೂ ಹಿಂದೆ ಒಬ್ಬ ಕೆಲಸಗಾರನು ತನ್ನ ಕೆಲಸಕ್ಕೆ ರುಜು ಹಾಕಿದನೆಂಬುದು ಹದಿನಾಲ್ಕು ವರ್ಷದ ಹುಡುಗನ ಮನಸ್ಸನ್ನು ಮುಟ್ಟದೆ ಇರದು.

ಚಿತ್ರಗಳ ವಿಷಯದಲ್ಲಿಯೂ ಹಾಗೆಯೇ. ರವಿವರ್ಮನ ದೇವತೆಗಳನ್ನು ಕ್ಯಾಲೆಂಡರುಗಳಲ್ಲಿ ನೋಡದ ಮನೆಯಿಲ್ಲ. ಆದರೆ ಆತನ ಕೈಯ ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಅಚ್ಚಿನ ಚಿತ್ರವನ್ನು ಕೈಯಲ್ಲಿ ಹಿಡಿದು ಮೂಲದ ಮುಂದೆ ಒಂದು ಸಲ ನಿಂತರೆ ಬಣ್ಣವೆಂದರೇನೆಂಬುದಕ್ಕೆ ಬೇರೆ ಪಾಠ ಬೇಡ. ನಮ್ಮವರೇ ಆದ ಕೆ. ವೆಂಕಟಪ್ಪನವರು 1886ರಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದವರು. ಊಟಿ, ಕೊಡೈಕನಾಲುಗಳ ಬೆಟ್ಟದ ಮಂಜನ್ನು ಅವರು ನೀರುಬಣ್ಣದಲ್ಲಿ ಹಿಡಿದಿರುವ ಬಗೆಯನ್ನು ನೋಡಿದ ಮೇಲೆ, ಮಂಜು ಬರಿಯ ಬಿಳುಪೆಂದು ಯಾರೂ ಹೇಳಲಾರರು.

ಹಾಗಾದರೆ ಮೂರು ವರ್ಷಗಳಲ್ಲಿ ಏನನ್ನು ಕಲಿಸಬೇಕು? ನಮಗೆ ತೋರಿದ ಒಂದು ಕ್ರಮವನ್ನು ಸೂಚಿಸುತ್ತೇವೆ. ಎಂಟನೆಯ ತರಗತಿ ಗೆರೆಯ ವರ್ಷವಾಗಲಿ. ನಕಲು ಬೇಡ, ಎದುರಿಗೆ ವಸ್ತುವಿರಲಿ. ಚೆಂಬು, ಮೊರ, ಒರಳು, ಸೈಕಲ್ಲಿನ ಗಾಲಿ, ಹಲಸಿನ ಎಲೆ. ದೂರದ್ದು ಚಿಕ್ಕದಾಗುವ ನಿಯಮವನ್ನು ಶಾಲೆಯ ಜಗಲಿಯ ಕಂಬಗಳ ಸಾಲಿನಿಂದಲೇ ತೋರಿಸಬಹುದು. ಪೆನ್ಸಿಲನ್ನು ಕೈ ಚಾಚಿ ಹಿಡಿದು ಅಳೆಯುವ ಉಪಾಯವನ್ನು ಒಂದು ದಿನದಲ್ಲಿ ಕಲಿಸಬಹುದು. ಕಣ್ಣಿಗೂ ಕೈಗೂ ನಡುವೆ ಬಿದ್ದ ಅಂತರವನ್ನು ಮುಚ್ಚುವ ಸೇತುವೆ ಇದೇ.

ಒಂಬತ್ತನೆಯ ತರಗತಿಯಲ್ಲಿ ಬೆಳಕು ಮತ್ತು ಬಣ್ಣ. ಸುಣ್ಣ ಬಳಿದ ಗೋಡೆಯ ಮೇಲಣ ನೆರಳು ಕಪ್ಪೋ ನೀಲಿಯೋ ಎಂದು ಕೇಳಿದರೆ ತರಗತಿಯಲ್ಲಿ ದೊಡ್ಡ ವಾದವೇ ನಡೆಯುತ್ತದೆ. ಹೊರಗೆ ಹೋಗಿ ನೋಡಿಬಂದರೆ ವಾದ ಮುಗಿಯುತ್ತದೆ. ಕೆಮ್ಮಣ್ಣು, ಅರಿಸಿನ, ಇದ್ದಿಲು, ಸುಣ್ಣಗಳನ್ನು ಅರೆದು ಗೋಂದಿನಲ್ಲಿ ಕಲಸಿ ಹುಡುಗರೇ ಬಣ್ಣ ಮಾಡಿಕೊಳ್ಳಲಿ. ಅರಿಸಿನಕ್ಕೆ ಸುಣ್ಣ ತಗಲಿದೊಡನೆ ಕೆಂಪಾಗುವುದನ್ನು ಓಕುಳಿಯಲ್ಲಿ ಎಲ್ಲರೂ ಕಂಡಿದ್ದಾರೆ. ಏಕೆ ಕೆಂಪಾಯಿತೆಂಬುದನ್ನು ಪಕ್ಕದ ಕೊಠಡಿಯ ವಿಜ್ಞಾನದ ಮೇಷ್ಟರು ಹೇಳಿಕೊಡಲಿ. ಹತ್ತನೆಯ ತರಗತಿಯಲ್ಲಿ ಸ್ವತಂತ್ರ ರಚನೆ: ಸಂತೆ, ಜಾತ್ರೆ, ಮಳೆಯ ದಿನ, ಮನೆಯ ಹಿತ್ತಲು. ಅದರ ಜೊತೆಗೆ ಊರಿನ ಒಂದು ಗುಡಿ, ಒಂದು ವೀರಗಲ್ಲು, ಒಂದು ಹಳೆಯ ಬಾಗಿಲು ಇವುಗಳಲ್ಲಿ ಯಾವುದಾದರೊಂದನ್ನು ಅಳೆದು ಬರೆದು, ಅದರ ಮೇಲೆ ಎರಡು ಪುಟದ ಪ್ರಬಂಧ. ವಾರಕ್ಕೆ ಎರಡು ಪೀರಿಯಡ್ಡುಗಳು ಒಟ್ಟಿಗೆ ದೊರೆತರೆ ಇಷ್ಟನ್ನು ಸಾಧಿಸಬಹುದು. ಬಿಡಿಬಿಡಿಯಾಗಿ ಕೊಟ್ಟರೆ ಬಣ್ಣ ಕಲಸುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಚಿತ್ರಕಲೆ ಹುಟ್ಟಿನಿಂದ ಬರತಕ್ಕದ್ದು, ಕಲಿಸಿದರೆ ಬಾರದು ಎಂಬುದು ಮೊದಲನೆಯದು. ಮಹಾಕವಿಯಾಗುವುದು ಹುಟ್ಟಿನಿಂದಲೇ ಇರಬಹುದು. ಹಾಗೆಂದು ಉಳಿದವರಿಗೆ ಅಕ್ಷರ ಕಲಿಸುವುದನ್ನು ನಾವು ಬಿಟ್ಟಿದ್ದೇವೆಯೆ? ಎಲ್ಲರೂ ಕುಮಾರವ್ಯಾಸರಾಗಲೆಂದು ನಾವು ಕನ್ನಡ ಪಾಠ ಹೇಳುವುದಿಲ್ಲ. ಎಲ್ಲರೂ ವೆಂಕಟಪ್ಪನವರಾಗಲೆಂದು ಚಿತ್ರ ಕಲಿಸಬೇಕಾಗಿಯೂ ಇಲ್ಲ.

ಎರಡನೆಯದು, ಚಿತ್ರಕ್ಕೆ ಅಂಕ ಕೊಡುವುದು ಹೇಗೆ ಎಂಬುದು. ಈ ಕಷ್ಟ ನಿಜವಾದುದು. ಅಂಕವಿಲ್ಲದಿದ್ದರೆ ಗೌರವವಿಲ್ಲ, ಅಂಕವಿಟ್ಟರೆ ನಕಲು ಮತ್ತೆ ತಲೆಯೆತ್ತುತ್ತದೆ. ಇದಕ್ಕೆ ನಮ್ಮ ಸೂಚನೆ ಇಷ್ಟು: ವರ್ಷದ ಮೊದಲ ವಾರದಲ್ಲಿ ಹುಡುಗನು ಬರೆದ ಒಂದು ಚೆಂಬಿನ ಚಿತ್ರವನ್ನು ತೆಗೆದಿಟ್ಟುಕೊಂಡು, ಕೊನೆಯ ವಾರದಲ್ಲಿ ಅದೇ ಚೆಂಬನ್ನು ಮತ್ತೆ ಬರೆಯಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಪಕ್ಕದ ಹುಡುಗನೊಡನೆ ಹೋಲಿಸಬೇಕಾಗಿಲ್ಲ. ಅವನು ಎಷ್ಟು ಮುಂದೆ ಬಂದನೆಂಬುದು ಅವನಿಗೂ ಅವನ ತಂದೆತಾಯಿಗಳಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಬೇರೆ ಯಾವ ವಿಷಯದಲ್ಲಿಯೂ ಪ್ರಗತಿ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಜೀವನೋಪಾಯದ ಮಾತು. ಸೀರೆಯ ಅಂಚಿಗೆ, ಮನೆಯ ನಕ್ಷೆಗೆ, ಪುಸ್ತಕದ ಮುಖಪುಟಕ್ಕೆ, ಚನ್ನಪಟ್ಟಣದ ಗೊಂಬೆಗೆ, ಸಿನಿಮಾದ ಪರದೆಗೆ, ಎಲ್ಲಕ್ಕೂ ಚಿತ್ರ ಬಲ್ಲವರು ಬೇಕು; ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆದರೆ ಉದ್ಯೋಗದ ಆಸೆಯಿಂದ ಮಾತ್ರವೇ ಚಿತ್ರವನ್ನು ಸಮರ್ಥಿಸುವುದು ನಮಗೆ ಇಷ್ಟವಿಲ್ಲ. ಲೆಕ್ಕಿಗನಾಗುವವನಿಗೂ, ರೈತನಾಗುವವನಿಗೂ, ದಾದಿಯಾಗುವವಳಿಗೂ ಎದುರಿಗಿರುವುದನ್ನು ಇದ್ದಂತೆ ನೋಡುವ ಶಕ್ತಿ ಬೇಕು. ಬೆಳೆಯ ಎಲೆಯ ಬಣ್ಣ ನಿನ್ನೆಗಿಂತ ತುಸು ಬೇರೆಯಾಗಿದೆಯೆಂದು ಕಾಣುವುದೂ, ರೋಗಿಯ ಮುಖ ಕಳೆಗುಂದಿದೆಯೆಂದು ಕಾಣುವುದೂ ಆ ಶಕ್ತಿಯಿಂದಲೇ. ನೋಡಬಲ್ಲವರು ತಮ್ಮ ಊರನ್ನು ಅಂದಗೆಡಿಸುವುದಕ್ಕೂ ಸುಲಭವಾಗಿ ಒಪ್ಪುವುದಿಲ್ಲ.

ಮುಖ್ಯೋಪಾಧ್ಯಾಯರಲ್ಲಿ ನಮ್ಮ ವಿನಂತಿ ಒಂದೇ: ವೇಳಾಪಟ್ಟಿಯಲ್ಲಿ ಬರೆದ ಪೀರಿಯಡ್ಡನ್ನು ಮಾರ್ಚಿಯವರೆಗೂ ಚಿತ್ರಕ್ಕೇ ಬಿಟ್ಟುಕೊಡಿ. ತಂದೆತಾಯಿಗಳಲ್ಲಿಯೂ ಒಂದೇ ವಿನಂತಿ. ಹದಿಮೂರು ವರ್ಷದ ಮಗನೋ ಮಗಳೋ ‘ನನಗೆ ಚಿತ್ರ ಬರುವುದಿಲ್ಲ’ ಎಂದು ಕಾಗದವನ್ನು ಹರಿದಾಗ, ಹೋಗಲಿ ಬಿಡು ಎಂದು ಸುಮ್ಮನಾಗಬೇಡಿ. ಆ ಮಾತಿಗೆ ಸೋಮಾರಿತನ ಕಾರಣವಲ್ಲ. ಕಣ್ಣು ಬೆಳೆದಿದೆ, ಕೈಗೆ ಸಹಾಯ ಬೇಕಾಗಿದೆ. ಒಂದು ಹೊಸ ಹಾಳೆಯನ್ನು ಕೊಟ್ಟು, ಮನೆಯಲ್ಲಿರುವ ಒಂದು ಚೆಂಬನ್ನು ಮುಂದಿಟ್ಟು, ಇನ್ನೊಮ್ಮೆ ನೋಡಿ ಬರೆಯೆಂದು ಹೇಳಿ. ಸಾಧ್ಯವಾದರೆ ನೀವೂ ಪಕ್ಕದಲ್ಲಿ ಕುಳಿತು ಬರೆಯಿರಿ.